ತೋಟದ ಬದುಕಿಗೆ ಹೊಂದುವ ಸಣ್ಣ ಪಿಸ್ತೂಲನ್ನು ನಾನು ಆರಿಸಿಕೊಂಡ ಬಗೆ

ಸಕಲೇಶಪುರದ ಕಾಫಿ ತೋಟಗಳಿಗೆ ಕೋವಿ ಹೊಸದಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಜೋಡುನಳಿಗೆ ಕೋವಿ ನಮ್ಮ ಮನೆಯಲ್ಲಿಯೂ ತಂದೆಯವರ ಕಾಲದಿಂದ ಇದೆ. ಆದರೆ ಬಟವಾಡೆಯ ಹಣವನ್ನು ಬ್ಯಾಂಕಿನಿಂದ ತಂದು, ಮಬ್ಬುಗತ್ತಲಿನಲ್ಲಿ ಒಬ್ಬನೇ ಜೀಪಿನಲ್ಲಿ ತೋಟ ಸೇರಬೇಕಾದವನಿಗೆ ಉದ್ದ ಕೋವಿಯಿಂದ ಪ್ರಯೋಜನವಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ನಮಗಿಲ್ಲವಾದ್ದರಿಂದ, ಈ ಕಾರಣವನ್ನೇ ಅರ್ಜಿಯಲ್ಲಿ ವಿವರಿಸಿ, ಪೊಲೀಸ್ ವಿಚಾರಣೆ ಮತ್ತು ವೈದ್ಯಕೀಯ ಪ್ರಮಾಣಪತ್ರಗಳನ್ನು ಮುಗಿಸಿ, ಜಿಲ್ಲಾಧಿಕಾರಿಗಳ ಕಚೇರಿಯಿಂದ ಪರವಾನಗಿ ಪಡೆದೆ. ಕಾಡಾನೆಯ ಭಯಕ್ಕಾಗಿ ಪಿಸ್ತೂಲು ಬೇಕೆನ್ನುವವರು ನಮ್ಮ ಕಡೆ ಇದ್ದಾರೆ. ಅದಕ್ಕೆ ಇದು ಮದ್ದಲ್ಲ. ಇಷ್ಟು ಸಣ್ಣ ಗುಂಡು ಆನೆಯನ್ನು ಕೆರಳಿಸಬಲ್ಲದೇ ಹೊರತು ತಡೆಯಲಾರದು. ಆನೆಗೆ ಗುಂಡು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಂಭೀರ ಅಪರಾಧವೂ ಹೌದು.

ನಮ್ಮ ಆಯ್ಕೆಯ ವ್ಯಾಪ್ತಿಯನ್ನು ಕಾನೂನೇ ಕಿರಿದು ಮಾಡಿದೆ. ಹೊರದೇಶಗಳಲ್ಲಿ ಸಾಮಾನ್ಯವಾದ 9 ಮಿ.ಮೀ. ಪ್ಯಾರಾಬೆಲ್ಲಮ್ ತೋಟಾ (ಕಾಡತೂಸು) ಇಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಪರವಾನಗಿ ಸಿಗದ ನಳಿಗೆ ಅಳತೆ. ವಿದೇಶಿ ಪಿಸ್ತೂಲುಗಳ ಆಮದು 1980ರ ದಶಕದಿಂದಲೂ ಸಾಮಾನ್ಯರಿಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲಾಗಿದ್ದು, ಹಳೆಯ ಬ್ರೌನಿಂಗ್ ಅಥವಾ ವಾಲ್ಥರ್ ಸಿಕ್ಕರೂ ಅದರ ಬೆಲೆ ನನ್ನಂಥ ಬೆಳೆಗಾರನ ಅಳವಿಗೆ ಮೀರಿದ್ದು. ಹೀಗಾಗಿ ನನ್ನ ಮುಂದೆ ಉಳಿದದ್ದು ಮುಖ್ಯವಾಗಿ .32 ಬೋರಿನ ದೇಶೀಯ ಪಿಸ್ತೂಲು ಮತ್ತು ರಿವಾಲ್ವರುಗಳು. ಇವೆರಡರ ತೋಟಾ ಒಂದೇ ಅಲ್ಲವೆಂಬುದನ್ನು ಹೊಸಬರು ತಿಳಿದಿರಬೇಕು: ಪಿಸ್ತೂಲಿನದು 7.65 ಮಿ.ಮೀ. ಬ್ರೌನಿಂಗ್, ರಿವಾಲ್ವರಿನದು ಅದಕ್ಕಿಂತ ಉದ್ದನೆಯ .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್.

ಹಗುರವಾದದ್ದೇ ಒಳ್ಳೆಯದೆಂಬ ಮಾತನ್ನು ನಾನು ಒಪ್ಪುವುದಿಲ್ಲ. 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್ ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ ತೂಕದ್ದು; .22 ಬೋರಿನ ನಿಡರ್ ಅದರ ಅರ್ಧದಷ್ಟು. ಇವು ಸೊಂಟಕ್ಕೆ ಹಿತವಾದರೂ, ಒಂದೇ ಬಗೆಯ ತೋಟಾವನ್ನು ಹಾರಿಸುವಾಗ ಹಗುರವಾದ ಆಯುಧವೇ ಕೈಯನ್ನು ಹೆಚ್ಚು ಒದೆಯುತ್ತದೆ, ಮತ್ತು ಎರಡನೆಯ ಈಡಿಗೆ ಗುರಿ ಮರಳಿ ಸಿಗುವುದು ತಡವಾಗುತ್ತದೆ. .22ರ ರಿಮ್‌ಫೈರ್ (ಅಂಚಿಗೆ ಪೆಟ್ಟು ಬಿದ್ದು ಹೊತ್ತುವ) ತೋಟಾ ಹತ್ತದೆ ಉಳಿಯುವ ಸಂಭವವೂ ಹೆಚ್ಚು. ರಿವಾಲ್ವರಿನ ದೊಡ್ಡ ಗುಣವೆಂದರೆ ತೋಟಾ ಹತ್ತದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನ ತೋಟಾ ಎದುರಿಗೆ ಬರುತ್ತದೆ. ಅಭ್ಯಾಸಕ್ಕೆ ಬಿಡುವಿಲ್ಲದವರಿಗೆ ನಾನು ಇಂದಿಗೂ ಅದನ್ನೇ ಸೂಚಿಸುತ್ತೇನೆ. ಆದರೆ ಅದರ ಸಿಲಿಂಡರ್ ಅಂಗಿಯಡಿ ಉಬ್ಬಿ ಕಾಣುತ್ತದೆ. ಇಳಿಜಾರಿನಲ್ಲಿ ಹತ್ತಿಳಿದು, ಬಗ್ಗಿ ಗಿಡ ನೋಡುವ ನನ್ನ ಕೆಲಸಕ್ಕೆ ಚಪ್ಪಟೆಯಾದ ಉಕ್ಕಿನ .32 ಪಿಸ್ತೂಲೇ ಹೊಂದಿತು.

ಅಂಗಡಿಯಲ್ಲಿ ಮೊದಲು ಆಯುಧ ಖಾಲಿಯಿದೆಯೆಂದು ಮಾಲೀಕರೂ ನಾನೂ ನೋಡಿಕೊಂಡು, ಬಳಿಕ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಎಳೆದು ನೋಡಿದೆ. ಈ ಬಗೆಯ ಪಿಸ್ತೂಲಿನಲ್ಲಿ ತೋಟಾದ ಒತ್ತಡವೇ ಸ್ಲೈಡನ್ನು ಹಿಂದಕ್ಕೆ ತಳ್ಳುವುದರಿಂದ ಅದರ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಒಣಗಿದ ಕೈಗೆ ಸುಲಭವೆನಿಸಿದ್ದು ಮಳೆಯಲ್ಲಿ ನೆನೆದ ಕೈಗೆ ಹಾಗಿರದು. ಆದ್ದರಿಂದ ಕೈ ಒದ್ದೆ ಮಾಡಿಕೊಂಡೇ ಮತ್ತೊಮ್ಮೆ ಪರೀಕ್ಷಿಸಿದೆ. ಕಿರುಬೆರಳಿಗೆ ಹಿಡಿಯಲ್ಲಿ ಜಾಗವಿದೆಯೇ, ಹಿಡಿತ ಬದಲಿಸದೆ ಹೆಬ್ಬೆರಳು ಸೇಫ್ಟಿಯನ್ನು (ಗುಂಡು ಹಾರದಂತೆ ತಡೆಯುವ ಗುಂಡಿಯನ್ನು) ಮುಟ್ಟುತ್ತದೆಯೇ ಎಂಬುದು ತೂಕಕ್ಕಿಂತ ಮುಖ್ಯವೆಂದು ನನಗೆ ಅನ್ನಿಸಿತು.

ಆಯುಧದಷ್ಟೇ ಅದರ ಚೀಲವನ್ನೂ ಯೋಚಿಸಿ ಕೊಳ್ಳಬೇಕು. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇದ್ದು, ಸಂಪೂರ್ಣವಾಗಿ ಮುಚ್ಚಿರಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳೇ ಹೇಳುತ್ತವೆ. ಬರಿದಾಗಿ ಜೇಬಿಗೆ ಇಳಿಬಿಡುವ ಪದ್ಧತಿ ಕಾನೂನಿಗೂ ಜೀವಕ್ಕೂ ಕೇಡು, ಏಕೆಂದರೆ ಬೀಗದ ಕೈಯೊಂದು ಟ್ರಿಗರಿಗೆ ಸಿಕ್ಕಿದರೆ ಸಾಕು. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಚರ್ಮದ ಹೋಲ್‌ಸ್ಟರನ್ನು ನಾನು ಬಲಸೊಂಟದ ಮೇಲೆ, ಇನ್‌ಶರ್ಟ್ ಮಾಡದ ಅಂಗಿಯಡಿ ಧರಿಸುತ್ತೇನೆ. ಬೆನ್ನಿನ ಕಡೆಗೆ ಸರಿಸಿದರೆ ಜೀಪಿನ ಸೀಟಿಗೆ ಒತ್ತುತ್ತದೆ. ಹಳೆಯ ವಿನ್ಯಾಸದ ಪಿಸ್ತೂಲು ಕೆಳಗೆ ಬಿದ್ದಾಗ ಹಾರದೆಂದು ನಂಬುವಂತಿಲ್ಲವಾದ್ದರಿಂದ ಮ್ಯಾಗಜಿನ್ (ತೋಟಾಗಳ ಡಬ್ಬಿ) ತುಂಬಿರುತ್ತದೆ, ಚೇಂಬರ್ (ಹಾರಲು ಸಿದ್ಧವಾದ ತೋಟಾ ಕೂರುವ ನಳಿಗೆಯ ಭಾಗ) ಖಾಲಿಯಿರುತ್ತದೆ. ಇದರಿಂದ ಒಂದು ಕ್ಷಣ ತಡವಾಗುವುದನ್ನು ಅಭ್ಯಾಸದಿಂದ ತುಂಬಿಕೊಳ್ಳಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಅದಕ್ಕೆ ಒಳ್ಳೆಯ ಅಡಿಪಾಯ.

ಮಲೆನಾಡಿನ ಮಳೆಗಾಲ ಉಕ್ಕಿಗೆ ಬಲು ಕೆಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮ ತೇವವನ್ನು ಹೀರಿ ಬೂಷ್ಟು ಹಿಡಿಯುತ್ತದೆ. ರಾತ್ರಿ ಪಿಸ್ತೂಲನ್ನು ಅದರಲ್ಲಿಯೇ ಬಿಟ್ಟರೆ ತುಕ್ಕು ಖಚಿತ. ಮನೆಗೆ ಬಂದೊಡನೆ ತೋಟಾ ತೆಗೆದು, ಬೆವರು ಒರೆಸಿ, ತೆಳುವಾಗಿ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದಂತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೇನೆ. ಚುನಾವಣೆಯ ಕಾಲದಲ್ಲಿ ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದಾಗ ಎಣ್ಣೆಯನ್ನು ಸ್ವಲ್ಪ ಹೆಚ್ಚಾಗಿಯೇ ಹಚ್ಚಿ ರಸೀದಿ ಪಡೆದು ಬರುತ್ತೇನೆ. ಹಿಂದಕ್ಕೆ ಪಡೆದ ದಿನ ನಳಿಗೆಯ ಒಳಗೆ ಬೆಳಕು ಹಾಯಿಸಿ ನೋಡದೆ ತೋಟಾ ತುಂಬುವುದಿಲ್ಲ.