ತೆಳು ಪ್ಲೇಟಿನ ಲೇಸರ್ ವೆಲ್ಡಿಂಗ್: ಪವರ್ ಮುಟ್ಟುವ ಮೊದಲು ಹಿಡಿತ ನೋಡಿ

ಲೇಸರ್ ವೆಲ್ಡಿಂಗ್‌ನಲ್ಲಿ ತೂತು ಬಿದ್ದರೆ ಎಲ್ಲರೂ ಮೊದಲು ಕೈ ಹಾಕುವುದು ಪವರ್ ಸೆಟ್ಟಿಂಗ್‌ಗೆ. ಪವರ್ ಸ್ವಲ್ಪ ಇಳಿಸುತ್ತಾರೆ, ಸ್ಪೀಡ್ ಏರಿಸುತ್ತಾರೆ, ಫೋಕಸ್ ಬದಲಿಸುತ್ತಾರೆ. ತೂತು ಮಾತ್ರ ಹಾಗೇ ಬೀಳುತ್ತಿರುತ್ತದೆ. ಹೈಡ್ರೋಜನ್‌ನಿಂದ ಕರೆಂಟ್ ಹುಟ್ಟಿಸುವ ಫ್ಯೂಯಲ್ ಸೆಲ್‌ನ ಪ್ಲೇಟುಗಳ ವಿಷಯದಲ್ಲಿ ತಪ್ಪು ಹೆಚ್ಚಾಗಿ ಮೆಷಿನ್‌ನಲ್ಲಿ ಇರುವುದಿಲ್ಲ. ಎರಡು ಶೀಟುಗಳನ್ನು ಒತ್ತಿ ಹಿಡಿದ ರೀತಿಯಲ್ಲಿ ಇರುತ್ತದೆ. ಪೀಣ್ಯದ ಶೆಡ್‌ಗಳಲ್ಲೂ ಕಾಲೇಜು ಲ್ಯಾಬ್‌ಗಳಲ್ಲೂ ಇದನ್ನೇ ನೋಡಿ ನೋಡಿ, ಒಮ್ಮೆ ವಿವರವಾಗಿ ಬರೆದುಬಿಡೋಣ ಅನ್ನಿಸಿತು.

ಮೊದಲು ಪ್ಲೇಟಿನ ಪರಿಚಯ. ಹೈಡ್ರೋಜನ್ ಫ್ಯೂಯಲ್ ಸೆಲ್‌ನಲ್ಲಿ ಒಂದು ಸೆಲ್‌ಗೂ ಪಕ್ಕದ ಸೆಲ್‌ಗೂ ನಡುವೆ ಒಂದು ಬೈಪೋಲಾರ್ ಪ್ಲೇಟ್ ಇರುತ್ತದೆ. ಅದರ ಒಂದು ಮುಖದಲ್ಲಿ ಹೈಡ್ರೋಜನ್ ಹರಿಯುತ್ತದೆ, ಇನ್ನೊಂದು ಮುಖದಲ್ಲಿ ಗಾಳಿ. ಪ್ಲೇಟಿನ ಹೊಟ್ಟೆಯೊಳಗೆ ಸೆಲ್ ತಣಿಸುವ ದ್ರವ. ಅಂದರೆ ಅದು ಒಂದೇ ಪ್ಲೇಟಲ್ಲ. ಚಾನೆಲ್‌ಗಳನ್ನು ಪ್ರೆಸ್ ಮಾಡಿದ ಎರಡು ಶೀಟುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಸೇರಿಸಿದ ಜೋಡಿ. ಸಾಮಾನ್ಯವಾಗಿ 316ಎಲ್ ಸ್ಟೇನ್‌ಲೆಸ್ ಸ್ಟೀಲ್, ದಪ್ಪ 0.1 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ನೋಟ್‌ಬುಕ್ಕಿನ ಒಂದು ಹಾಳೆಯಷ್ಟು.

ಇಂಥ ಸೆಲ್‌ಗಳನ್ನು ಸಾಲಾಗಿ ಜೋಡಿಸಿ ಬಿಗಿದ ಕಟ್ಟೇ ಸ್ಟ್ಯಾಕ್. ಟೊಯೊಟಾದ ಎರಡನೇ ತಲೆಮಾರಿನ ಮಿರಾಯ್ ಕಾರಿನ ಸ್ಟ್ಯಾಕ್‌ನಲ್ಲಿ 330 ಸೆಲ್‌ಗಳಿವೆ. ಅಷ್ಟು ದೊಡ್ಡ ಸ್ಟ್ಯಾಕ್ ಕಟ್ಟುತ್ತೀರಿ, ನಿಮ್ಮ 100 ಪ್ಲೇಟಿನಲ್ಲಿ 99 ಸರಿಯಾಗಿ ಬರುತ್ತವೆ ಅಂದುಕೊಳ್ಳಿ. ಒಂದೊಂದನ್ನೂ ಪರೀಕ್ಷಿಸದೆ 330 ಪ್ಲೇಟು ಜೋಡಿಸಿದರೆ ಎಲ್ಲವೂ ಸೋರದೆ ಇರುವ ಸಾಧ್ಯತೆ 100ಕ್ಕೆ 4 ಕೂಡ ಇಲ್ಲ. ಆದ್ದರಿಂದ 'ಒಂದೆರಡು ಹೋದರೆ ಹೋಗಲಿ' ಅನ್ನುವ ಮಾತು ಈ ಕೆಲಸದಲ್ಲಿ ನಡೆಯುವುದಿಲ್ಲ.

ಶೀಟು ತೊಳೆಯುವುದು

ಪ್ರೆಸ್ಸಿಂಗ್ ಎಣ್ಣೆ ಪೂರ್ತಿ ಹೋಗಬೇಕು. ಅಸಿಟೋನ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಕೈಗೆ ಗ್ಲೌಸ್. ಅಂಚಿನ ಬರ್, ಅಂದರೆ ಕತ್ತರಿಸಿದಾಗ ಉಳಿಯುವ ಚೂಪು ಮುಳ್ಳು, ತೆಗೆಯಿರಿ. ಅಷ್ಟೇ.

ಫಿಕ್ಸ್ಚರ್: ಇಲ್ಲಿ ಆತುರ ಬೇಡ

ಫಿಕ್ಸ್ಚರ್ ಅಂದರೆ ಶೀಟುಗಳನ್ನು ಒತ್ತಿ ಹಿಡಿಯುವ ಸಾಧನ. ಈ ಕೆಲಸಕ್ಕೆ ಬಳಸುವ ಫೈಬರ್ ಲೇಸರಿನ ಚುಕ್ಕಿ 30ರಿಂದ 50 ಮೈಕ್ರಾನ್ ಅಗಲ ಇರುತ್ತದೆ. ಫಿಲ್ಲರ್ ತಂತಿ ಇಲ್ಲ. ಎರಡು ಶೀಟುಗಳ ಮಧ್ಯೆ ಸಂದು ಇದ್ದರೆ ಅದನ್ನು ತುಂಬಲು ಲೋಹವೇ ಇರುವುದಿಲ್ಲ. ಮೇಲಿನ ಶೀಟು ಕರಗಿ ಹಿಂದಕ್ಕೆ ಸರಿಯುತ್ತದೆ, ಕೆಳಗಿನದನ್ನು ಮುಟ್ಟುವುದೇ ಇಲ್ಲ. ಆಗ ಅದು ವೆಲ್ಡಿಂಗ್ ಅಲ್ಲ, ಕಟಿಂಗ್. ಸಂದು ಶೀಟಿನ ದಪ್ಪದ ಹತ್ತನೇ ಒಂದು ಭಾಗ ಮೀರಬಾರದು ಅನ್ನುವ ಲೆಕ್ಕ ಇಟ್ಟುಕೊಳ್ಳಿ. 0.1 ಮಿ.ಮೀ. ಶೀಟಿಗೆ ಅದು ಬರೀ 10 ಮೈಕ್ರಾನ್. ಹೊಲಿಗೆಯ, ಅಂದರೆ ವೆಲ್ಡಿಂಗ್ ಗೆರೆಯ, ದಾರಿಯಲ್ಲಿ ಒಂದೇ ಒಂದು ಕಡೆ ಇದು ತಪ್ಪಿದರೂ ಅಲ್ಲೇ ಸೋರುತ್ತದೆ.

ಪ್ರೆಸ್‌ನಿಂದ ಬಂದ ಶೀಟು ಎಂದೂ ಚಪ್ಪಟೆಯಾಗಿರುವುದಿಲ್ಲ, ಅಂಚು ಮೇಲೆದ್ದಿರುತ್ತದೆ. ನಾಲ್ಕು ಮೂಲೆಗೆ ಟಾಗಲ್ ಕ್ಲ್ಯಾಂಪ್ ಹಾಕಿ ಬಿಗಿದರೆ ಮೂಲೆಗಳು ಕೂರುತ್ತವೆ, ಮಧ್ಯ ಉಬ್ಬುತ್ತದೆ. ಹಾಗಾಗಿ ಒತ್ತಡ ಮೂಲೆಗಲ್ಲ, ಹೊಲಿಗೆಯ ಪಕ್ಕಕ್ಕೇ ಬೀಳಬೇಕು. ಇದಕ್ಕೆ ಸರಿಯಾದ ದಾರಿ, ಹೊಲಿಗೆಯ ಆಕಾರದಲ್ಲೇ ಸೀಳು ಬಿಟ್ಟ ಒತ್ತು ಪ್ಲೇಟು. ಸೀಳಿನ ಎರಡೂ ಅಂಚುಗಳು ಹೊಲಿಗೆಯಿಂದ 1 ಮಿ.ಮೀ. ಆಸುಪಾಸಿನಲ್ಲಿ ಶೀಟನ್ನು ಅದುಮಬೇಕು.

ಆ ಸೀಳನ್ನು ವೈರ್ ಕಟ್‌ನಲ್ಲಿ (ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವ ಮೆಷಿನ್) ತೆಗೆಸಿ, ಮೇಲ್ಭಾಗದ ಅಂಚನ್ನು ಓರೆಯಾಗಿ ಸವರಿಸಿ. ಕನ್ನಡಿಗಳಿಂದ ಕಿರಣವನ್ನು ತಿರುಗಿಸುವ ಸ್ಕ್ಯಾನರ್‌ನಿಂದ ಬರುವ ಕಿರಣ ನಡುವಿನಲ್ಲಿ ನೇರವಾಗಿ ಬೀಳುತ್ತದೆ, ಅಂಚುಗಳ ಕಡೆ ಓರೆಯಾಗಿ. ಸೀಳಿನ ಗೋಡೆ ನೆಟ್ಟಗಿದ್ದರೆ ಅಲ್ಲಿ ಕಿರಣದ ಒಂದು ಪಾಲು ಗೋಡೆಗೆ ತಾಗುತ್ತದೆ, ಹೊಲಿಗೆ ಬಡವಾಗುತ್ತದೆ. ನಡುವೆ ಚೆನ್ನಾಗಿದೆ, ತುದಿಯಲ್ಲಿ ಮಾತ್ರ ಹಿಡಿಯುತ್ತಿಲ್ಲ ಅನ್ನುವವರು ಮೊದಲು ಇದನ್ನು ನೋಡಿ.

ಇನ್ನೊಂದು ತೊಡಕು. ಪ್ಲೇಟಿನ ಸುತ್ತ ಬರುವ ಹೊಲಿಗೆ ಮುಚ್ಚಿದ ಸುತ್ತು. ಅದೇ ಆಕಾರದಲ್ಲಿ ಸೀಳು ತೆಗೆದರೆ ಒತ್ತು ಪ್ಲೇಟಿನ ಒಳಭಾಗ ಬೇರೆಯಾಗಿ ಕೈಗೆ ಬಂದುಬಿಡುತ್ತದೆ ಅಲ್ವಾ? ಅದನ್ನು ಹಿಡಿಯಲು ಅಲ್ಲಲ್ಲಿ ಸೇತುವೆ ಬಿಟ್ಟರೆ ಆ ಜಾಗಕ್ಕೆ ಕಿರಣ ಹೋಗುವುದಿಲ್ಲ. ನನ್ನ ಖಚಿತ ಸಲಹೆ: ಎರಡು ಒತ್ತು ಪ್ಲೇಟು ಮಾಡಿಸಿ. ಒಂದರಲ್ಲಿ ಸೇತುವೆ ಇದ್ದ ಕಡೆ ಇನ್ನೊಂದರಲ್ಲಿ ಸೀಳು ಇರಲಿ. ಮೊದಲನೆಯದರಲ್ಲಿ ಆಗುವಷ್ಟು ಹೊಲಿದು, ಬದಲಿಸಿ, ಉಳಿದದ್ದನ್ನು ಮುಗಿಸಿ. ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಹಿಡಿತ ಎಲ್ಲೂ ತಪ್ಪುವುದಿಲ್ಲ. ಗಾಜಿನಿಂದ ಒತ್ತಿ ಗಾಜಿನ ಮೂಲಕವೇ ಹೊಲಿಯುವವರೂ ಇದ್ದಾರೆ. ಸಿಡಿದ ಕಣ ಗಾಜಿಗೆ ಅಂಟಿದರೆ ಮುಂದಿನ ಪ್ಲೇಟಿನಲ್ಲಿ ಅದೇ ಜಾಗ ಕೆಡುತ್ತದೆ, ಹಾಗಾಗಿ ನಾನು ಅದನ್ನು ಹೇಳುವುದಿಲ್ಲ.

ಕೆಳಗಿನ ಬೆಡ್‌ಗೆ ತಾಮ್ರ ಒಳ್ಳೆಯದು, ಶಾಖ ಬೇಗ ಎಳೆದುಕೊಳ್ಳುತ್ತದೆ. ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ, ಹೊಲಿಗೆಯ ಕೆಳಗೆ ಸಣ್ಣ ಕಾಲುವೆ ಬಿಡಿ. ಕಾಲುವೆ ಇಲ್ಲದಿದ್ದರೆ ಕಿರಣ ತಾಮ್ರಕ್ಕೆ ತಾಗಿ ತಾಮ್ರ ಸ್ಟೀಲಿನೊಳಗೆ ಸೇರಬಹುದು. ಶೀಟು ಸರಿಯಾದ ಜಾಗದಲ್ಲಿ ಕೂರಿಸಲು ಎರಡು ಡೋವೆಲ್ ಪಿನ್ (ಬೆಡ್‌ನಲ್ಲಿ ನೆಟ್ಟ ಗೂಟ) ಸಾಕು. ಒಂದು ಪಿನ್ನಿಗೆ ಶೀಟಿನಲ್ಲಿ ದುಂಡು ರಂಧ್ರ, ಇನ್ನೊಂದಕ್ಕೆ ಉದ್ದುದ್ದ ರಂಧ್ರ. ಎರಡನ್ನೂ ದುಂಡಗೆ ಮಾಡಿ ಬಿಗಿಯಾಗಿ ತುರುಕಿದರೆ ಶೀಟು ಸುಕ್ಕಾಗುತ್ತದೆ.

ಮ್ಯಾಗ್ನೆಟಿಕ್ ಬೆಡ್ ಮೇಲೆ ಇಟ್ಟು ಶೀಟು ಹಿಡಿಯುತ್ತದೆ ಅಂತ ಕಾಯುವವರನ್ನು ನೋಡಿದ್ದೇನೆ. 316ಎಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಟೇಪ್ ಅಂಟಿಸುವ ಅಡ್ಡದಾರಿಯೂ ಬೇಡ, ಅದರ ಗೋಂದು ಸುಟ್ಟು ಹೊಲಿಗೆಯೊಳಗೆ ಗುಳ್ಳೆ ಬರುತ್ತದೆ.

ಹಿಡಿತ ಸರಿಯಿದೆಯೇ ಅಂತ ತಿಳಿಯುವುದು ಸುಲಭ. ಫಿಟ್ಟರ್‌ಗಳ ಹತ್ತಿರ ಇರುವ ಬ್ಲೂ, ಅಂದರೆ ತಾಗಿದ ಕಡೆ ಗುರುತು ಬಿಡುವ ನೀಲಿ ಬಣ್ಣ, ತೆಗೆದುಕೊಂಡು ಒತ್ತು ಪ್ಲೇಟಿನ ಅಂಚಿಗೆ ತೆಳ್ಳಗೆ ಹಚ್ಚಿ. ಬೇಡವಾದ ಒಂದು ಜೋಡಿ ಶೀಟು ಇಟ್ಟು ಬಿಗಿದು ಬಿಚ್ಚಿ. ಸೀಳಿನ ಎರಡೂ ಕಡೆ ನೀಲಿ ಗೆರೆ ಎಲ್ಲೂ ಕಡಿಯದೆ ಮೂಡಿರಬೇಕು. ಕಡಿದ ಜಾಗದಲ್ಲಿ ಒತ್ತಡ ಬೀಳುತ್ತಿಲ್ಲ ಅಂತಲೇ ಅರ್ಥ. ಅದನ್ನು ಸರಿಪಡಿಸುವವರೆಗೆ ಲೇಸರ್ ಆನ್ ಮಾಡಬೇಡಿ. ನಿಜವಾದ ಪ್ಲೇಟಿಗೆ ಬ್ಲೂ ತಾಗಬಾರದು, ಪರೀಕ್ಷೆ ಮುಗಿದ ಮೇಲೆ ಫಿಕ್ಸ್ಚರ್ ಒರೆಸಿ.

ಹೊಲಿಗೆ ಹಾಕುವುದು

ಕನ್ನಡಕ ಮೊದಲು. ಈ ಲೇಸರ್ 1070 ನ್ಯಾನೊಮೀಟರ್ ಸುತ್ತಮುತ್ತಲಿನದು, ಕಣ್ಣಿಗೆ ಕಾಣುವುದೇ ಇಲ್ಲ. ಕನ್ನಡಕದ ಮೇಲೆ ಆ ಅಲೆಯುದ್ದ ಮತ್ತು ತಡೆಯುವ ಶಕ್ತಿ ಎರಡೂ ಬರೆದಿರಬೇಕು. ಏನೂ ಬರೆಯದ ಅಗ್ಗದ ಹಸಿರು ಕನ್ನಡಕವನ್ನು ನಂಬಬೇಡಿ. ಸ್ಟೇನ್‌ಲೆಸ್ ಹೊಗೆಯಲ್ಲಿ ಕ್ರೋಮಿಯಂ ಇರುತ್ತದೆ, ಹೊಗೆ ಎಳೆಯುವ ವ್ಯವಸ್ಥೆ ಬೇಕೇ ಬೇಕು.

ಈಗ ಎಲ್ಲೆಡೆ ಸಿಗುವ ಕೈಯಲ್ಲಿ ಹಿಡಿಯುವ ಲೇಸರ್ ವೆಲ್ಡಿಂಗ್ ಗನ್ ಇದಕ್ಕೆ ಆಗುವುದಿಲ್ಲ. ಗೇಟು, ಗ್ರಿಲ್‌ಗೆ ಅದು ಚೆನ್ನ. ಇಲ್ಲಿ ಸ್ಕ್ಯಾನರ್ ಇರುವ ಮೆಷಿನ್ನೇ ಬೇಕು.

ಹೊಲಿಗೆಗೆ ಗಾಳಿ ತಾಗದಂತೆ ಬಿಡುವ ಆರ್ಗಾನ್ ಅನಿಲ ಮೆಲ್ಲಗೆ ಹರಿಯಲಿ. ಜೋರಾಗಿ ಬಿಟ್ಟರೆ ಶೀಟು ಅದುರುತ್ತದೆ. ಹೊಲಿಗೆ ಬೆಳ್ಳಗೆ ಅಥವಾ ತಿಳಿ ಹುಲ್ಲುಬಣ್ಣಕ್ಕೆ ಬರಬೇಕು. ನೀಲಿ, ಕಪ್ಪು ಬಂದರೆ ಗಾಳಿ ಸೇರಿದೆ, ಆ ಜಾಗ ಮುಂದೆ ತುಕ್ಕು ಹಿಡಿಯುತ್ತದೆ. ಪವರ್ ಕೆಲವು ನೂರು ವ್ಯಾಟ್ ಸಾಕಾಗುತ್ತದೆ. ಸ್ಪೀಡ್ ಸೆಕೆಂಡಿಗೆ ಅರ್ಧ ಮೀಟರ್ ಹತ್ತಿರದಿಂದ ಶುರು ಮಾಡಿ, ಚೂರು ಶೀಟಿನ ಮೇಲೆ ನೋಡಿಕೊಳ್ಳಿ. ಸುಮ್ನೆ ಸ್ಪೀಡ್ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಹೊಲಿಗೆ ಮಣಿ ಮಣಿಯಾಗಿ ಉಬ್ಬುತ್ತದೆ. ಪ್ಲೇಟಿನ ಪಕ್ಕದಲ್ಲಿ ಕೂರುವ ಮೆಂಬ್ರೇನ್ ಕೆಲವೇ ಮೈಕ್ರಾನ್‌ಗಳ ಪೊರೆ. ಒಂದು ಉಬ್ಬು, ಒಂದು ಸಿಡಿದ ಕಣ ಸಾಕು ಅದು ಹರಿಯಲು.

ಕಿರಣ ಎರಡೂ ಶೀಟು ದಾಟಿ ಹಿಂಬದಿಯಲ್ಲಿ ಸಣ್ಣ ಗೆರೆ ಕಾಣಿಸಲಿ. ಅರ್ಧಕ್ಕೇ ನಿಲ್ಲಿಸುವವರೂ ಇದ್ದಾರೆ, ಆದರೆ ಗೆರೆ ಕಂಡರೆ ತಿರುಗಿಸಿ ನೋಡಿದ ತಕ್ಷಣ ಎಲ್ಲಿ ಹಿಡಿದಿದೆ, ಎಲ್ಲಿ ಇಲ್ಲ ಅಂತ ಗೊತ್ತಾಗುತ್ತದೆ.

ಮೂಲೆಗಳಲ್ಲಿ ಸ್ಕ್ಯಾನರ್ ನಿಧಾನವಾಗುತ್ತದೆ, ಅಲ್ಲಿ ಶಾಖ ಜಾಸ್ತಿ ಬೀಳುತ್ತದೆ. ಅದಕ್ಕೇ ಡ್ರಾಯಿಂಗ್‌ನಲ್ಲೇ ಮೂಲೆಗಳನ್ನು ದುಂಡಾಗಿಸಿ. ಹೊಲಿಗೆ ಶುರುವಾಗುವುದೂ ಮುಗಿಯುವುದೂ ನೇರ ಭಾಗದಲ್ಲೇ ಇರಲಿ, ಒಂದರ ಮೇಲೊಂದು ಕೆಲವು ಮಿ.ಮೀ. ಹತ್ತಲಿ, ಕೊನೆಯಲ್ಲಿ ಪವರ್ ನಿಧಾನವಾಗಿ ಇಳಿಯಲಿ. ಒಮ್ಮೆಲೇ ಆಫ್ ಮಾಡಿದರೆ ಅಲ್ಲಿ ಗುಳಿ ಬೀಳುತ್ತದೆ. ಮಧ್ಯದ ಚಾನೆಲ್‌ಗಳ ಹೊಲಿಗೆ ಮೊದಲು, ಸುತ್ತಲಿನದು ಆಮೇಲೆ. ಪ್ಲೇಟು ತಣ್ಣಗಾಗುವವರೆಗೆ ಕ್ಲ್ಯಾಂಪ್ ಬಿಚ್ಚಬೇಡಿ, ಬಿಸಿಯಲ್ಲೇ ಬಿಚ್ಚಿದರೆ ಸೊಟ್ಟಗಾಗುತ್ತದೆ.

ಸೋರಿಕೆ ನೋಡುವುದು

ಪ್ಲೇಟನ್ನು ರಬ್ಬರ್ ಗ್ಯಾಸ್ಕೆಟ್ ಇಟ್ಟ ಎರಡು ಚೌಕಟ್ಟುಗಳ ಮಧ್ಯೆ ಬಿಗಿಯಿರಿ. ಇಲ್ಲದಿದ್ದರೆ ಗಾಳಿ ಬಿಟ್ಟ ಕೂಡಲೇ ಶೀಟು ಉಬ್ಬಿ ಚಾನೆಲ್ ಕೆಡುತ್ತದೆ. ಹೊಲಿಗೆ ಮಾತ್ರ ಚೌಕಟ್ಟಿನ ಹೊರಗೆ ಕಾಣುತ್ತಿರಲಿ. ಅರ್ಧ ಬಾರ್ ಆಸುಪಾಸು ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿ. ಇದರಲ್ಲಿ ದೊಡ್ಡ ಸೋರಿಕೆ ಮಾತ್ರ ಸಿಗುತ್ತದೆ. ಹೈಡ್ರೋಜನ್‌ಗೆ ಅದಕ್ಕಿಂತ ಸಣ್ಣ ಸಂದೂ ಸಾಕು, ಆದ್ದರಿಂದ ಸ್ಟ್ಯಾಕ್‌ಗೆ ಹೋಗುವ ಪ್ರತಿ ಪ್ಲೇಟಿಗೂ ಹೀಲಿಯಂ ಪರೀಕ್ಷೆ (ಸೋರುವ ಹೀಲಿಯಂ ಅನಿಲವನ್ನು ಮೆಷಿನ್‌ನಿಂದ ಪತ್ತೆಹಚ್ಚುವುದು) ಮಾಡಿಸಲೇಬೇಕು.

ಸೋರಿದ ಜಾಗದ ಮೇಲೆ ಮತ್ತೆ ಹೊಲಿಗೆ ಹಾಕಲು ಹೋಗಬೇಡಿ, ತೂತು ಇನ್ನೂ ದೊಡ್ಡದಾಗುತ್ತದೆ. ಮಾರ್ಕರ್‌ನಿಂದ ಗುರುತು ಹಾಕಿ ಪ್ಲೇಟನ್ನು ಪಕ್ಕಕ್ಕಿಡಿ. ಸೋರಿದ ಪ್ಲೇಟುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ಗುರುತು ಒಂದೇ ಜಾಗದಲ್ಲಿ ಬಂದಿದ್ದರೆ ತಪ್ಪು ಫಿಕ್ಸ್ಚರ್‌ನದು, ಆ ಜಾಗಕ್ಕೆ ಮತ್ತೆ ಬ್ಲೂ ಹಚ್ಚಿ. ಬೇರೆ ಬೇರೆ ಜಾಗದಲ್ಲಿ ಬಂದಿದ್ದರೆ ಎಣ್ಣೆ ಅಥವಾ ಬರ್ ಉಳಿದಿರುತ್ತದೆ, ತೊಳೆಯುವ ಟೇಬಲ್ಲಿಗೆ ವಾಪಸ್ ಹೋಗಿ.