ನಮ್ಮ ಫಜ್ಜರ್‌ಗೆ ಕನ್ನಡದ ಹೆಸರು ಮುರಿಯಲು ಕಲಿಸಿದ್ದು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಚಿಕ್ಕ ಕಂಪನಿ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಅಮರಗೋಳದ ಎಪಿಎಂಸಿ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ಗದಗ, ಲಕ್ಷ್ಮೇಶ್ವರ, ಇವೆಲ್ಲ ನಾವು ಓಡಾಡುವ ಊರುಗಳು. ರೈತರು ಚೀಲ ಇಳಿಸುತ್ತಾರೆ, ಲಾಟ್ ನಂಬರ್ ಬೀಳುತ್ತದೆ, ಟೆಂಡರ್ ಮುಗಿದು ತೂಕ ಆಗುತ್ತದೆ, ಕೊನೆಗೆ ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಚೀಟಿ) ಪ್ರಿಂಟ್ ಆಗುತ್ತದೆ. ಆ ಪಟ್ಟಿಯ ಮೇಲೆಯೇ ದುಡ್ಡು ಕೈಗೆ ಬರುವುದು. ಅದರಲ್ಲಿ ಹೆಸರು, ಊರು, ತೂಕ ಯಾವುದೂ ತಪ್ಪಬಾರದು. ನಮ್ಮ ಫಜ್ ಟೆಸ್ಟಿಂಗ್ ಟೂಲಿಗೆ ನಾನು ಹಾಕಿದ ಒಂದೊಂದು ಆಪ್ಷನ್ನೂ ಹುಟ್ಟಿದ್ದು ಈ ಪಟ್ಟಿಯಿಂದಲೇ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೋಗ್ರಾಮಿಗೆ ಬೇಕಂತಲೇ ಕೆಟ್ಟ ಇನ್‌ಪುಟ್ ಕೊಟ್ಟು ಅದು ಎಲ್ಲಿ ಬೀಳುತ್ತದೆ ಅಂತ ನೋಡುವುದೇ ಫಜ್ ಟೆಸ್ಟಿಂಗ್ (ಹಾಗೆ ಮಾಡುವ ಟೂಲ್ ಫಜ್ಜರ್). 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಇದನ್ನು ಶುರು ಮಾಡಿದರು. ಗುಡುಗು ಮಳೆಯ ರಾತ್ರಿ ಮನೆಯಿಂದ ಫೋನ್ ಲೈನಿನ ಮೇಲೆ ಕೆಲಸ ಮಾಡುತ್ತಿದ್ದಾಗ, ಲೈನಿನ ಗದ್ದಲದಿಂದ ನುಗ್ಗಿದ ಅಡ್ಡಾದಿಡ್ಡಿ ಅಕ್ಷರಗಳಿಗೇ ಯುನಿಕ್ಸ್ ಪ್ರೋಗ್ರಾಮುಗಳು ಕ್ರ್ಯಾಶ್ ಆಗುತ್ತಿದ್ದವು. ಅದನ್ನೇ ಅವರು ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. 1990ರ ಅವರ ಲೇಖನದ ಪ್ರಕಾರ, ಪರೀಕ್ಷೆ ಮಾಡಿದ ಪ್ರೋಗ್ರಾಮುಗಳಲ್ಲಿ ಕಾಲು ಭಾಗದಿಂದ ಮೂರರಲ್ಲೊಂದು ಭಾಗದಷ್ಟು ಹೀಗೆ ಬಿದ್ದಿದ್ದವು. ನಮ್ಮಲ್ಲಿ ಈಗಲೂ ತೂಕದ ಯಂತ್ರದಿಂದ ಕಂಪ್ಯೂಟರಿಗೆ ಸೀರಿಯಲ್ ಕೇಬಲ್ ಬರುತ್ತದೆ. ಪಕ್ಕದಲ್ಲಿ ಮೋಟರ್ ಶುರುವಾದರೆ ಅದರಲ್ಲೂ ಕಸ ಬರುತ್ತದೆ. ಮಿಲ್ಲರ್ ಅವರ ಆ ರಾತ್ರಿ ನಮಗೆ ಹಳೆಯ ಕಥೆ ಅಲ್ಲ.

ನನ್ನ ಕೈಗೆ ಬಂದಾಗ ನಮ್ಮ ಟೂಲ್ ಪೈಥಾನಿನ ಒಂದು ಸಣ್ಣ ಸ್ಕ್ರಿಪ್ಟ್. ಒಂದು ಒಳ್ಳೆಯ ಫೈಲ್ ತೆಗೆದುಕೊಳ್ಳುತ್ತಿತ್ತು, ಅಲ್ಲಲ್ಲಿ ಬಿಟ್ ತಿರುಗಿಸುತ್ತಿತ್ತು (0 ಇದ್ದರೆ 1, 1 ಇದ್ದರೆ 0), ಫೈಲ್ ಓದುವ ನಮ್ಮ ಸಿ ಭಾಷೆಯ ಲೈಬ್ರರಿಗೆ ಕೊಡುತ್ತಿತ್ತು, ಬಿದ್ದರೆ ಬಿತ್ತು ಅಂತ ಬರೆದಿಡುತ್ತಿತ್ತು. ಅಷ್ಟೇ. ಆದರೆ ಯಾವ ಇನ್‌ಪುಟ್ಟಿಗೆ ಬಿತ್ತು ಅಂತ ಮತ್ತೆ ತೋರಿಸಲು ಅದಕ್ಕೆ ಬರುತ್ತಿರಲಿಲ್ಲ.

ಹಾಗಾಗಿ ಮೊದಲ ಆಪ್ಷನ್ ಸೀಡ್. ರ‍್ಯಾಂಡಮ್ ಸಂಖ್ಯೆಗಳು ಎಲ್ಲಿಂದ ಶುರುವಾಗಬೇಕು ಅಂತ ನಾವೇ ಹೇಳಿದರೆ ಅದೇ ಸಾಲು ಮತ್ತೆ ಬರುತ್ತದೆ. ಝುಫ್ ಅನ್ನುವ ಹಳೆಯ ಫಜ್ಜರ್ ನಿಂತಿರುವುದೇ ಈ ನಿಯಮದ ಮೇಲೆ. ಅದೇ ಸೀಡ್, ಅದೇ ಪ್ರಮಾಣ ಕೊಟ್ಟರೆ ಫೈಲ್ ಪ್ರತಿ ಸಲವೂ ಅದೇ ರೀತಿ ಕೆಡುತ್ತದೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಮುಖ್ಯ ಸೀಡ್ ಮತ್ತು ಕೇಸ್ (ಕೆಡಿಸಿದ ಒಂದೊಂದು ಫೈಲ್) ನಂಬರ್ ಎರಡನ್ನೂ ಸೇರಿಸಿ ಪ್ರತಿ ಕೇಸಿಗೂ ಅದರದೇ ಸೀಡ್ ಮಾಡಿದೆ. ಹೀಗೆ ಮಾಡಿದರೆ ನಾಲ್ಕು ಪ್ರೊಸೆಸ್ ಒಟ್ಟಿಗೆ ಓಡಿದರೂ, ಯಾವುದು ಮೊದಲು ಮುಗಿದರೂ, 41200ನೇ ಕೇಸ್ ಯಾವಾಗಲೂ ಅದೇ ಇರುತ್ತದೆ. ಹಿಂದಿನ 41199 ಓಡಿಸಬೇಕಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫೈಲ್ ಕೆಡಿಸುವ ಹೊಸ ವಿಧಾನ ಒಂದನ್ನು ಸೇರಿಸಿದಿರಿ ಅಂದುಕೊಳ್ಳಿ. ಆಗ ಹಳೆಯ ಸೀಡ್‌ಗಳ ಅರ್ಥವೇ ಬದಲಾಗುತ್ತದೆ, ಏಕೆಂದರೆ ರ‍್ಯಾಂಡಮ್ ಸಂಖ್ಯೆ ಆರಿಸುವ ವಿಧಾನಗಳ ಸಾಲೇ ಉದ್ದವಾಗಿರುತ್ತದೆ. ಅದಕ್ಕೇ ಎರಡು ಕಟ್ಟುಪಾಡು ಇಟ್ಟುಕೊಂಡಿದ್ದೇವೆ. ಹೊಸ ಆಪ್ಷನ್ ಯಾವಾಗಲೂ ಆಫ್ ಆಗಿಯೇ ಬರಬೇಕು. ಬಿದ್ದ ಕೇಸಿನ ಫೈಲನ್ನು ಟೂಲಿನ ವರ್ಷನ್ ನಂಬರ್ ಸಮೇತ ಹಾಗೇ ಎತ್ತಿಡಬೇಕು. ಸೀಡ್ ಇರುವುದು ಅನುಕೂಲಕ್ಕೆ, ಸಾಕ್ಷಿ ಅಂದರೆ ಫೈಲ್.

ಟೈಮ್‌ಔಟ್ ಆಪ್ಷನ್ (ಪ್ರೋಗ್ರಾಮ್ ಎಷ್ಟು ಹೊತ್ತಿಗೂ ಮುಗಿಯದಿದ್ದರೆ ನಿಲ್ಲಿಸುವುದು) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಡಿಯಾರದ ಸಮಯ ಮಾತ್ರ ನೋಡಿದರೆ, ಮಷಿನ್ ಮೇಲೆ ಬೇರೆ ಕೆಲಸ ಇದ್ದಾಗ ಸುಮ್ನೆ ಸುಳ್ಳು ಹ್ಯಾಂಗ್‌ಗಳು ಬರುತ್ತವೆ. ಸಿಪಿಯು ಸಮಯ ಮಾತ್ರ ನೋಡಿದರೆ, ಇನ್‌ಪುಟ್‌ಗಾಗಿ ಕಾಯುತ್ತಾ ಕೂತ ಪ್ರೋಗ್ರಾಮ್ ಸಿಗುವುದೇ ಇಲ್ಲ, ಕಾಯುವಾಗ ಅದು ಸಿಪಿಯು ಬಳಸುವುದಿಲ್ಲವಲ್ಲ. ಎರಡೂ ಮಿತಿ ಬೇಕು. ಮೆಮೊರಿ ಮಿತಿಯಲ್ಲಿ ಇನ್ನೊಂದು ತೊಡಕು. ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿದ ಪ್ರೋಗ್ರಾಮ್ 64 ಬಿಟ್ ಮಷಿನ್‌ನಲ್ಲಿ ಶುರುವಾಗುವಾಗಲೇ ಸುಮಾರು 20 ಟೆರಾಬೈಟ್ ವರ್ಚುವಲ್ ಅಡ್ರೆಸ್ ಜಾಗ ಕಾದಿರಿಸುತ್ತದೆ. ನಿಜವಾದ ಮೆಮೊರಿ ಅಷ್ಟು ಬಳಸುವುದಿಲ್ಲ, ಆದರೆ ಅಡ್ರೆಸ್ ಜಾಗಕ್ಕೆ ಮಿತಿ ಹಾಕಿದ್ದರೆ ಪ್ರೋಗ್ರಾಮ್ ಏಳುವ ಮೊದಲೇ ಸಾಯುತ್ತದೆ. ಸ್ಯಾನಿಟೈಸರ್ ಇದ್ದಾಗ ಆ ಮಿತಿ ತೆಗೆದು, ನಿಜವಾಗಿ ಬಳಸಿದ ಮೆಮೊರಿಯನ್ನಷ್ಟೇ ಎಣಿಸುವ ಅದರದೇ ಆರ್‌ಎಸ್‌ಎಸ್ ಮಿತಿ ಬಳಸಬೇಕು. ನಮ್ಮ ಟೂಲ್ ಈಗ ಬಿಲ್ಡ್ ನೋಡಿ ತಾನೇ ಆರಿಸಿಕೊಳ್ಳುತ್ತದೆ.

ಚೆಕ್‌ಸಮ್ ಆಪ್ಷನ್ನಿಗೆ ಮಾತ್ರ ನಾನು ತುಂಬಾ ಬೆಲೆ ಕೊಡುತ್ತೇನೆ. ನಮ್ಮ ಫೈಲಿನ ಕೊನೆಯ 4 ಬೈಟು, ಫೈಲ್ ಕೆಟ್ಟಿಲ್ಲ ಅಂತ ಪರೀಕ್ಷಿಸುವ ಲೆಕ್ಕದ ಸಂಖ್ಯೆ, ಅಂದರೆ ಸಿಆರ್‌ಸಿ. ಒಂದು ಬಿಟ್ ತಿರುಗಿಸಿದರೂ ಲೈಬ್ರರಿ ಬಾಗಿಲಲ್ಲೇ ಫೈಲನ್ನು ವಾಪಸ್ ಕಳಿಸುತ್ತದೆ. ರಾತ್ರಿಯಿಡೀ ಓಡಿಸಿದರೂ ಒಳಗಿನ ಕೋಡಿಗೆ ಏನೂ ತಾಗಿರುವುದಿಲ್ಲ. ಮೇಲೆ ನೋಡಿದರೆ ಎಲ್ಲ ಹಸಿರು, ಟೆಸ್ಟ್ ಪಾಸ್. ಈ ಆಪ್ಷನ್ ಹಾಕಿದ ಮೇಲೆ ಫೈಲ್ ಕೆಡಿಸಿದ ನಂತರ ಸಿಆರ್‌ಸಿ ಮತ್ತೆ ಲೆಕ್ಕ ಹಾಕಿ ಕೂರಿಸುತ್ತೇವೆ. ಎಲ್ಲ ಕೇಸಿಗೂ ಅಲ್ಲ. ಕೆಲವನ್ನು ತಪ್ಪು ಸಿಆರ್‌ಸಿ ಇಟ್ಟೇ ಬಿಡುತ್ತೇವೆ, ಬಾಗಿಲನ್ನೂ ಪರೀಕ್ಷಿಸಬೇಕಲ್ವಾ?

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯಲು ಕೂತಿದ್ದೇ ಅದಕ್ಕಾಗಿ.

ಒಂದು ಅಂಗಡಿಯ ಗುಮಾಸ್ತರು ಫೋನ್ ಮಾಡಿದ್ದರು. "ಸರ್, ಊರಿನ ಹೆಸರಿನ ಬೆನ್ನಿಗೆ ಲಾಟ್ ನಂಬರ್ ಹತ್ತೇತಿ ನೋಡ್ರಿ. ನಡುವ ಒಂದು ಡಬ್ಬಿ ಕಾಣತೈತಿ" ಅಂದರು. ಪಟ್ಟಿಯ ಫೋಟೋ ತರಿಸಿಕೊಂಡು ನೋಡಿದೆ. ಊರು ಲಕ್ಷ್ಮೇಶ್ವರ. ಕೊನೆಯ "ರ" ಇಲ್ಲ. ಅದರ ಜಾಗದಲ್ಲಿ ಒಂದು ಖಾಲಿ ಚೌಕ, ಅದಕ್ಕೆ ಅಂಟಿಕೊಂಡು 145.

ಲೆಕ್ಕ ಹಾಕಿದರೆ ಕಾರಣ ಕಣ್ಣಿಗೆ ಹೊಡೆಯುತ್ತದೆ. ಓದುವವರಿಗೆ ಲಕ್ಷ್ಮೇಶ್ವರ ಅಂದರೆ ನಾಲ್ಕೇ ಅಕ್ಷರ: ಲ, ಕ್ಷ್ಮೇ, ಶ್ವ, ರ. ಯುನಿಕೋಡಿನಲ್ಲಿ ಅದು 11 ಸಂಕೇತ, ಏಕೆಂದರೆ ಪ್ರತಿ ಹಲಂತ ಚಿಹ್ನೆ, ಪ್ರತಿ ಸ್ವರಚಿಹ್ನೆ ಬೇರೆ ಬೇರೆ. ಅದನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಒಟ್ಟು 33. ಊರಿನ ಹೆಸರಿಗೆ ಇಟ್ಟಿದ್ದ ಜಾಗ 32 ಬೈಟು. ಸಿ ಭಾಷೆಯ ಸ್ಟ್ರಿಂಗ್‌ಎನ್‌ಕಾಪಿ ಫಂಕ್ಷನ್ 32 ಬೈಟು ತುಂಬಿ ಸುಮ್ಮನಾಗುತ್ತದೆ. ಮೂಲ ಹೆಸರು ಉದ್ದವಿದ್ದರೆ, ಅದು ಮುಗಿಯಿತು ಅಂತ ತೋರಿಸುವ ಸೊನ್ನೆಯನ್ನು ಕೊನೆಗೆ ಇಡುವುದಿಲ್ಲ. "ರ" ಅಂದರೆ 224, 178, 176. ಅದರಲ್ಲಿ ಮೊದಲ ಎರಡು ಬೈಟು ಉಳಿದವು, ಮೂರನೆಯದು ಹೋಯಿತು. ಸೊನ್ನೆ ಸಿಗದೆ ಪ್ರಿಂಟ್ ಮಾಡುವ ಕೋಡ್ ಮುಂದಿನ ಫೀಲ್ಡಿಗೆ ನುಗ್ಗಿತು. ಅಲ್ಲಿ ಇದ್ದದ್ದು ಲಾಟ್ ನಂಬರ್.

ಇಷ್ಟು ಕಾಲ ಫಜ್ಜರ್ ಇದನ್ನು ಯಾಕೆ ಹಿಡಿಯಲಿಲ್ಲ? ಎರಡು ಕಾರಣ. ನಮ್ಮ ಮೂಲ ಫೈಲುಗಳಲ್ಲಿದ್ದ ಊರುಗಳೆಲ್ಲ ಗದಗ, ಹಾವೇರಿ, ರೋಣದಂಥ ಚಿಕ್ಕ ಹೆಸರುಗಳು. ರ‍್ಯಾಂಡಮ್ ಆಗಿ ಬಿಟ್ ತಿರುಗಿಸಿ ಸರಿಯಾದ ಉದ್ದದ ಕನ್ನಡ ಹೆಸರು ಹುಟ್ಟಿಸುವುದು ಆಗದ ಮಾತು. ಎರಡನೆಯದು, ಇಲ್ಲಿ ಕ್ರ್ಯಾಶ್ ಆಗುವುದೇ ಇಲ್ಲ. ಅಡ್ರೆಸ್ ಸ್ಯಾನಿಟೈಸರ್ ಕೂಡ, ಒಂದೇ ಸ್ಟ್ರಕ್ಟಿನ (ಹಲವು ಫೀಲ್ಡುಗಳ ಒಂದು ಕಟ್ಟು) ಒಳಗೆ ಒಂದು ಫೀಲ್ಡಿನಿಂದ ಪಕ್ಕದ ಫೀಲ್ಡಿಗೆ ದಾಟಿದರೆ ಕೂಗುವುದಿಲ್ಲ. ಅದು ಕಾಯುವುದು ಇಡೀ ಸ್ಟ್ರಕ್ಟಿನ ಬೇಲಿಯನ್ನು, ಒಳಗಿನ ಬದುಗಳನ್ನಲ್ಲ.

ಮೊದಲನೆಯದಕ್ಕೆ ಕನ್ನಡ ಆಪ್ಷನ್ ಬರೆದೆ. ಹೆಸರಾಂತ ಫಜ್ಜರ್ ಆದ ಎಎಫ್‌ಎಲ್‌ನಲ್ಲಿ ಡಿಕ್ಷನರಿ ಫೈಲ್ ಕೊಡುವ ಸೌಲಭ್ಯ ಇದೆ, ಅದೇ ಮಾದರಿಯಲ್ಲಿ ಒಂದು ಪದಪಟ್ಟಿ ಮಾಡಿದೆ: ನಮ್ಮ ಮೂರು ಜಿಲ್ಲೆಗಳ ಊರುಗಳು, ಇಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಮತ್ತು ಅಡ್ಡಹೆಸರುಗಳು. ವೀರಭದ್ರಪ್ಪ, ಮೆಣಸಿನಕಾಯಿ, ಉಳ್ಳಾಗಡ್ಡಿ, ಹಿರೇಮಠ, ಹೀಗೆ. ಅದರ ಮೇಲೆ ಕೆಡಿಸುವ ವಿಧಾನಗಳು. ಹೆಸರನ್ನು ಫೀಲ್ಡಿನ ಅಳತೆಗಿಂತ ಒಂದು ಬೈಟು ಕಡಿಮೆ, ಸರಿಯಾಗಿ, ಒಂದು ಬೈಟು ಜಾಸ್ತಿ ಆಗುವಂತೆ ಬೆಳೆಸುವುದು. ಒಂದು ಸಂಕೇತದ ನಡುವೆಯೇ ಕತ್ತರಿಸುವುದು. ಹಲಂತದ ಮೇಲೆ ಹೆಸರನ್ನು ನಿಲ್ಲಿಸುವುದು. ವ್ಯಂಜನ ಇಲ್ಲದೆ ಸ್ವರಚಿಹ್ನೆಯೊಂದನ್ನೇ ಮುಂದೆ ಇಡುವುದು. ಕೊನೆಯದು ಹುಚ್ಚು ಕಲ್ಪನೆ ಏನಲ್ಲ. ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟ್ ಸಂಕೇತದಲ್ಲಿದ್ದ ಲೆಕ್ಕಗಳನ್ನು ಯುನಿಕೋಡಿಗೆ ತಂದಾಗ ಇಂಥ ಒಂಟಿ ಚಿಹ್ನೆಗಳು ನಿಜಕ್ಕೂ ಉಳಿದುಬಿಡುತ್ತವೆ.

ಕಣ್ಣಿಗೆ ಕಾಣದ ಅಕ್ಷರಗಳೂ ಇವೆ. "ಹಾರ್ಡ್‌ವೇರ್" ಅಂತ ಸರಿಯಾಗಿ ಬರೆಯಲು ನಡುವೆ ಒಂದು ಅಗೋಚರ ಸಂಕೇತ ಬೇಕು, ಅದೂ 3 ಬೈಟು. ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಇದಕ್ಕಿಂತ ಕಷ್ಟದ್ದು ದೀರ್ಘದ ಚಿಹ್ನೆ. "ವೀ" ಬರೆಯಲು ಯುನಿಕೋಡಿನಲ್ಲಿ ಎರಡು ದಾರಿ. ದೀರ್ಘ ಗುಡಿಸು ಒಂದೇ ಸಂಕೇತವಾಗಿ ಬರಬಹುದು, ಇಲ್ಲವೇ ಹ್ರಸ್ವ ಗುಡಿಸು ಮತ್ತು ದೀರ್ಘ ಅಂತ ಎರಡಾಗಿ ಬರಬಹುದು. ತೆರೆಯ ಮೇಲೆ ಎರಡೂ ಒಂದೇ ಥರ. ಬೈಟು ಬೈಟು ಹೋಲಿಸುವ ಪ್ರೋಗ್ರಾಮಿಗೆ ಮಾತ್ರ ಇಬ್ಬರು ವೀರಭದ್ರಪ್ಪಂದಿರು, ಎರಡು ಖಾತೆ. ಒಬ್ಬ ರೈತರ ಬಾಕಿ ಎರಡು ಕಡೆ ಹರಿದು ಹೋದರೆ ಅದನ್ನು ಹುಡುಕುವವರು ಯಾರು? ಹಾಗಾಗಿ ಈ ಎರಡು ರೂಪಗಳನ್ನು ಅದಲುಬದಲು ಮಾಡುವ ವಿಧಾನವನ್ನೂ ಸೇರಿಸಿದೆ.

ಎರಡನೆಯ ಕಾರಣಕ್ಕೆ, ಅಂದರೆ ಕ್ರ್ಯಾಶ್ ಆಗದ ತಪ್ಪಿಗೆ, ಬೇರೆಯೇ ಆಪ್ಷನ್ ಬೇಕಾಯಿತು. ಟೂಲ್ ಈಗ ಫೈಲನ್ನು ಓದಿಸುತ್ತದೆ, ಬರೆಸುತ್ತದೆ, ಬರೆದದ್ದನ್ನು ಮತ್ತೆ ಓದಿಸುತ್ತದೆ. ಲೈಬ್ರರಿ ಒಪ್ಪಿಕೊಂಡ ದಾಖಲೆ ಎರಡೂ ಸಲ ಒಂದೇ ಇರಬೇಕು, ಪ್ರತಿ ಫೀಲ್ಡೂ ಸರಿಯಾದ ಯುಟಿಎಫ್-8 ಆಗಿರಬೇಕು. ಇಲ್ಲದಿದ್ದರೆ ಕ್ರ್ಯಾಶ್ ಆದಷ್ಟೇ ಗಂಭೀರವಾಗಿ ಎಣಿಸುತ್ತೇವೆ. ಈ ಒಂದು ಆಪ್ಷನ್ ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದೆ ಅಂತ ಖಚಿತವಾಗಿ ಹೇಳುತ್ತೇನೆ. ಲೆಕ್ಕದ ಸಾಫ್ಟ್‌ವೇರ್ ಬಿದ್ದರೆ ಗುಮಾಸ್ತರು ಫೋನ್ ಮಾಡುತ್ತಾರೆ. ಬೀಳದೆ ತಪ್ಪು ಬರೆದರೆ ಯಾರೂ ಫೋನ್ ಮಾಡುವುದಿಲ್ಲ, ಹೆಸರಿನ ಪಕ್ಕ ಚೌಕ ಕಂಡರಷ್ಟೇ ಗೊತ್ತಾಗುವುದು.

ಕನ್ನಡ ಅಂಕಿಗಳ ಆಪ್ಷನ್ ಇದರಿಂದಲೇ ಹುಟ್ಟಿತು. ಚೀಲದ ಎಣಿಕೆಯನ್ನು ಕೆಲವು ಹಿರಿಯರು "೪೫" ಅಂತಲೇ ಟೈಪ್ ಮಾಡುತ್ತಾರೆ. ನಮ್ಮ ರಿಪೋರ್ಟ್ ತಯಾರಿಸುವ ಭಾಗ ಪೈಥಾನಿನದು. ಪೈಥಾನಿನ ಇಂಟ್ ಕನ್ನಡ ಅಂಕಿಯನ್ನೂ ಅಂಕಿ ಅಂತಲೇ ಓದುತ್ತದೆ, 45 ಕೊಡುತ್ತದೆ. ಪಟ್ಟಿ ಮಾಡುವ ಭಾಗ ಸಿ ಭಾಷೆಯದು. ಅಲ್ಲಿನ ಎಟುಐ ಫಂಕ್ಷನ್ನಿಗೆ ಅದು ಅಂಕಿಯೇ ಅಲ್ಲ, 0 ಕೊಡುತ್ತದೆ, ದೂರು ಕೂಡ ಹೇಳುವುದಿಲ್ಲ. ಒಂದೇ ಲಾಟಿಗೆ ದಿನದ ರಿಪೋರ್ಟಿನಲ್ಲಿ 45 ಚೀಲ, ಪಟ್ಟಿಯಲ್ಲಿ ಸೊನ್ನೆ. ಎರಡೂ ಭಾಗಕ್ಕೆ ಒಂದೇ ಫೈಲ್ ಕೊಟ್ಟು ಉತ್ತರ ಹೋಲಿಸುವ ಆಪ್ಷನ್ ಹಾಕಿದ ತಕ್ಷಣ ಇದು ಹೊರಗೆ ಬಂತು. ಕನ್ನಡ ಅಂಕಿ ಬೇಡ ಅಂತ ತಿರಸ್ಕರಿಸುವ ಸಲಹೆಯೂ ಬಂದಿತ್ತು. ನಾನು ಒಪ್ಪಲಿಲ್ಲ. ಕನ್ನಡದಲ್ಲಿ ಲೆಕ್ಕ ಬರೆಯುವವರಿಗೆ ಕನ್ನಡ ಅಂಕಿ ತಪ್ಪು ಅಂತ ಕಂಪ್ಯೂಟರ್ ಹೇಳಬಾರದು. ಈಗ ಎರಡೂ ಭಾಗ ಒಳಗೆ ಬರುವಾಗಲೇ ಅಂಕಿಯನ್ನು ಒಂದೇ ರೂಪಕ್ಕೆ ತರುತ್ತವೆ.

ತಪ್ಪುಗಳು ಜಾಸ್ತಿ ಸಿಕ್ಕಂತೆ ಅವನ್ನು ವಿಂಗಡಿಸುವುದೇ ದೊಡ್ಡ ಕೆಲಸವಾಯಿತು. ಒಂದೇ ತಪ್ಪು ನೂರಾರು ಫೈಲುಗಳಲ್ಲಿ ಬರುತ್ತದೆ. ಬಿದ್ದಾಗ ಓಡುತ್ತಿದ್ದ ಫಂಕ್ಷನ್ನುಗಳ ಸಾಲಿನ, ಅಂದರೆ ಸ್ಟ್ಯಾಕಿನ, ಮೇಲಿನ ಕೆಲವು ಹೆಸರುಗಳನ್ನು ಹಿಡಿದು ಗುಂಪು ಮಾಡುವ ಆಪ್ಷನ್ ಹಾಕಿದೆ. ಇದು ಸಾಕಷ್ಟು ಒಳ್ಳೆಯ ಉಪಾಯ, ಪರಿಪೂರ್ಣ ಅಲ್ಲ. ಆಮೇಲೆ ಫೈಲ್ ಚಿಕ್ಕದು ಮಾಡುವ ಆಪ್ಷನ್. ಆಂಡ್ರಿಯಾಸ್ ಝೆಲ್ಲರ್ ಮತ್ತು ರಾಲ್ಫ್ ಹಿಲ್ಡೆಬ್ರಾಂಟ್ 2002ರಲ್ಲಿ ವಿವರಿಸಿದ ಡೆಲ್ಟಾ ಡಿಬಗ್ಗಿಂಗ್ ಇದರ ತಳಹದಿ. ಒಂದು ತುಂಡು ತೆಗೆದು ನೋಡು, ತಪ್ಪು ಇನ್ನೂ ಬರುತ್ತಿದ್ದರೆ ಆ ತುಂಡು ಬೇಡ. ನಾನು ಬದಲಿಸಿದ್ದು ತುಂಡಿನ ಅಳತೆಯನ್ನು. ಮೊದಲು ಇಡೀ ದಾಖಲೆ, ಆಮೇಲೆ ಫೀಲ್ಡ್, ಆಮೇಲೆ ಇಡೀ ಅಕ್ಷರ ಒತ್ತಕ್ಷರ ಸಮೇತ, ಕೊನೆಗೆ ಮಾತ್ರ ಬೈಟು. ನೇರ ಬೈಟಿಗೆ ಇಳಿದರೆ ಹೆಸರು ನಡುವೆ ಮುರಿದು, ಹುಡುಕುತ್ತಿದ್ದ ತಪ್ಪಿನ ಬದಲು ಮುರಿದ ಯುಟಿಎಫ್-8ರ ತಪ್ಪೇ ಕೈಗೆ ಬರುತ್ತದೆ. ಅಕ್ಷರದ ಲೆಕ್ಕದಲ್ಲಿ ಇಳಿದರೆ ಉಳಿಯುವ ಫೈಲ್ ಮನುಷ್ಯರು ಓದುವಂತಿರುತ್ತದೆ. ತಂಡದ ಹೊಸ ಹುಡುಗ ಹುಡುಗಿಯರೂ ಅದನ್ನು ನೋಡಿದ ಕೂಡಲೇ "ಓ, ಇಲ್ಲಿ ಹಲಂತದ ಮೇಲೆ ನಿಂತದ" ಅಂತಾರೆ.

ಎಎಫ್‌ಎಲ್ ಪ್ಲಸ್ ಪ್ಲಸ್ (ಎಎಫ್‌ಎಲ್‌ನ ಮುಂದುವರಿದ ರೂಪ) ಇರುವಾಗ ಸ್ವಂತ ಟೂಲ್ ಯಾಕೆ ಅಂತ ಕೇಳುವವರಿದ್ದಾರೆ. ಅದನ್ನೂ ಬಳಸುತ್ತೇವೆ. ಕೋಡಿನ ಯಾವ ದಾರಿ ತುಳಿದಿದೆ ಅಂತ ನೋಡಿಕೊಂಡು ಮುಂದೆ ಹೋಗುವುದರಲ್ಲಿ ಅದಕ್ಕೆ ಸಮ ಇಲ್ಲ. ನಮ್ಮ ಕೆಡಿಸುವ ವಿಧಾನವನ್ನು ಪೈಥಾನ್ ಮಾಡ್ಯೂಲ್ ಆಗಿ ಅದಕ್ಕೆ ಜೋಡಿಸಲು ಅವಕಾಶ ಇದೆ, ಕನ್ನಡದ ಭಾಗವನ್ನು ಬೇರೆ ಮಾಡ್ಯೂಲ್ ಆಗಿ ಬರೆದಿದ್ದೂ ಅದಕ್ಕೇ. ಸಿ ಲೈಬ್ರರಿಯನ್ನು ಎಎಫ್‌ಎಲ್ ಪ್ಲಸ್ ಪ್ಲಸ್ ನೋಡಿಕೊಳ್ಳುತ್ತದೆ. ತೂಕದ ಯಂತ್ರದಿಂದ ಪಟ್ಟಿಯವರೆಗಿನ ಇಡೀ ದಾರಿಯನ್ನು ನಮ್ಮ ಟೂಲ್ ನೋಡಿಕೊಳ್ಳುತ್ತದೆ.

ಸದ್ಯ ಸೀರಿಯಲ್ ಲೈನಿನ ಆಪ್ಷನ್ ಬರೆಯುತ್ತಿದ್ದೇನೆ. ಇದರಲ್ಲಿ ಬೈಟುಗಳೆಲ್ಲ ಸರಿ ಇರುತ್ತವೆ, ಬರುವ ಹೊತ್ತು ಮಾತ್ರ ಕೆಡುತ್ತದೆ. ತೂಕ "000452" ಅಂತ ಒಟ್ಟಿಗೆ ಬರುವ ಬದಲು "0004" ಮೊದಲು ಬಂದು, ಸ್ವಲ್ಪ ತಡೆದು "52" ಬಂದರೆ ಓದುವ ಕೋಡ್ ಕಾಯುತ್ತದೆಯೋ, ಇಲ್ಲಾ 4 ಕಿಲೋ ಅಂತ ಬರೆದುಬಿಡುತ್ತದೆಯೋ? ತಡೆಯ ಅವಧಿಯೂ ಸೀಡಿನಿಂದಲೇ ಬರುವಂತೆ ಮಾಡಿದ್ದೇನೆ, ಹಾಗಾಗಿ ಇದನ್ನೂ ಮತ್ತೆ ಮತ್ತೆ ಓಡಿಸಿ ನೋಡಬಹುದು. ಜನವರಿಯಿಂದ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಜೋರಾಗುತ್ತದೆ. ಅಷ್ಟರೊಳಗೆ ಇದು ನಮ್ಮ ರಾತ್ರಿ ಟೆಸ್ಟಿನಲ್ಲಿ ಸೇರಿರಬೇಕು.