ಓರೆಯಾಗಿ ಎಳೆದಿಡುತ್ತಿದ್ದ ಚೀಟಿ

ನಾನು ಏರ್ ಟ್ರಾಫಿಕ್ ಕಂಟ್ರೋಲ್ ಕಲಿತದ್ದು ಕಾಗದದ ಸ್ಟ್ರಿಪ್‌ನಲ್ಲಿ. ಒಂದು ವಿಮಾನಕ್ಕೆ ಒಂದು ಚೀಟಿ. ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನವನ್ನು ಕರೆಯುವ ಹೆಸರು), ದಾರಿ, ಎತ್ತರ ಬರೆದು ಪ್ಲಾಸ್ಟಿಕ್ ಹೋಲ್ಡರ್‌ಗೆ ಸಿಕ್ಕಿಸಿ ಬೋರ್ಡ್ ಮೇಲೆ ಜೋಡಿಸಬೇಕು. ಎರಡು ವಿಮಾನ ಅಡ್ಡ ಬರುವಂತಿದ್ದರೆ ಆ ಚೀಟಿಯನ್ನು ಸ್ವಲ್ಪ ಓರೆಯಾಗಿ ಎಳೆದಿಡುತ್ತಿದ್ದೆವು. ಸಾಲಿನಲ್ಲಿ ಅದೊಂದೇ ಸೊಟ್ಟಗೆ ಕೂತಿರುತ್ತಿತ್ತು. ಮರೆಯೋಕೆ ಬಿಡುತ್ತಿರಲಿಲ್ಲ.

ಈಗ ಎಲ್ಲಾ ಸ್ಕ್ರೀನ್ ಮೇಲೆ. ಪಕ್ಕದ ಸೆಕ್ಟರ್‌ಗೆ, ಅಂದರೆ ಇನ್ನೊಬ್ಬರು ನೋಡಿಕೊಳ್ಳುವ ಆಕಾಶದ ಪಾಲಿಗೆ, ವಿಮಾನ ಒಪ್ಪಿಸಲು ಫೋನ್ ಬೇಡ, ಒಂದು ಕ್ಲಿಕ್ ಸಾಕು. ಹೊರಡುವ ಮುಂಚಿನ ಕ್ಲಿಯರೆನ್ಸ್ (ಅನುಮತಿ) ಮಾತಿನ ಬದಲು ಬರಹವಾಗಿ ಡೇಟಾ ಲಿಂಕ್‌ನಲ್ಲಿ ಹೋಗುತ್ತದೆ. ಎರಡು ವಿಮಾನ ಹತ್ತಿರವಾದರೆ ಸ್ಕ್ರೀನ್ ಮೇಲೆ ಅವುಗಳ ಪಕ್ಕದಲ್ಲಿರುವ ವಿವರದ ಲೇಬಲ್ ಮಿನುಗುತ್ತದೆ. ಕೈಗೆ, ಬಾಯಿಗೆ ಕೆಲಸ ಕಮ್ಮಿಯಾಯಿತು, ನಿಜ. ಹಾಗಾದರೆ ಇಷ್ಟು ಜನ ಯಾಕೆ ಎಂದು ಕೇಳುವವರೂ ಇದ್ದಾರೆ. ಉಳಿದ ಸಮಯ ಎಲ್ಲಿ ಹೋಯಿತು ಅಂದರೆ, 2019ರ ಡಿಸೆಂಬರ್‌ನಲ್ಲಿ ದೇವನಹಳ್ಳಿಯ ಎರಡನೇ ರನ್‌ವೇ ಶುರುವಾಯಿತು. ಇನ್ನಷ್ಟು ವಿಮಾನಕ್ಕೆ ಜಾಗವಾಯಿತು, ಅಷ್ಟೇ.

ಒಂದು ಮೇ ಸಂಜೆ ಹೊಸಕೋಟೆ ಕಡೆ ಮೋಡ ಕಟ್ಟಿತು. ಮೋಡ ತಪ್ಪಿಸಲು ಒಬ್ಬ ಪೈಲಟ್ ಎಡಕ್ಕೆ ಇಪ್ಪತ್ತು ಡಿಗ್ರಿ ಕೇಳುತ್ತಾನೆ, ಇನ್ನೊಬ್ಬ ಬಲಕ್ಕೆ. ಪ್ಲಾನ್‌ನಲ್ಲಿರುವ ದಾರಿ ಯಾರೂ ಹಿಡಿಯದಿದ್ದಾಗ ಮೆಷಿನ್‌ನ ಅಂದಾಜು ಸುಮ್ನೆ ದಂಡ. ಒಂಬತ್ತು ಸಾವಿರ ಅಡಿಯಲ್ಲಿ ಒಬ್ಬನನ್ನು ತಡೆದಿದ್ದೆ, ಆಮೇಲೆ ಇಳಿಸುತ್ತೇನೆ ಅಂದಿದ್ದೆ. ಮರೆತೇಬಿಟ್ಟೆ! ಪಕ್ಕದ ಹುಡುಗ ಸ್ಕ್ರೀನ್ ಮೇಲೆ ಬೆರಳಿಟ್ಟು, "ಸಾರ್, ಇವನು ಇನ್ನೂ ಮೇಲೇ ಇದ್ದಾನಲ್ವಾ?" ಎಂದ. ವಿಮಾನಗಳ ನಡುವೆ ಅಂತರ ಇತ್ತು, ಅಪಾಯವಾಗಲಿಲ್ಲ. ಅಲರ್ಟ್ ಕೂಡ ಅದಕ್ಕೇ ಬಂದಿರಲಿಲ್ಲ. ಕೊಟ್ಟ ಮಾತು ಮರೆತರೆ ಮಿನುಗುವ ಲೇಬಲ್ ಯಾವುದೂ ಇಲ್ಲ.

ಅವತ್ತಿಂದ ಯಾರಿಗಾದರೂ 'ತಡಿ' ಅಂದರೆ ಅವನ ವಿಮಾನದ ಗುರುತಿಗೂ ಲೇಬಲ್‌ಗೂ ನಡುವಿನ ಗೆರೆಯನ್ನು ಉದ್ದಕ್ಕೆ ಎಳೆದು ಬೇರೆ ದಿಕ್ಕಿಗೆ ತಿರುಗಿಸಿಡುತ್ತೇನೆ. ಹಳೇ ಓರೆ ಚೀಟಿಯೇ, ಬೇರೆ ವೇಷ.

ಖಾಲಿ ರಾತ್ರಿ ಇದಕ್ಕಿಂತ ಕಷ್ಟ. ಮೊದಲು ಬರೆಯುವ ಕೆಲಸವೇ ಎಚ್ಚರ ಇಡುತ್ತಿತ್ತು. ಈಗ ಎರಡೂವರೆ ಹೊತ್ತಿಗೆ ಸ್ಕ್ರೀನ್ ನೋಡುತ್ತಾ ಕೂತರೆ ಕಣ್ಣು ಎಳೆಯುತ್ತದೆ. ಯಾವ ಎರಡು ವಿಮಾನ ಎಲ್ಲಿ ಸೇರುತ್ತವೆ ಎಂದು ಮೆಷಿನ್‌ಗಿಂತ ಮುಂಚೆ ನಾನೇ ಲೆಕ್ಕ ಹಾಕುತ್ತೇನೆ. ತಪ್ಪಾದರೆ ನನಗೆ ನಾನೇ ಬೈದುಕೊಳ್ಳುತ್ತೇನೆ.

ಜನರ ಲೆಕ್ಕವನ್ನು ಸಾಮಾನ್ಯ ದಿನ ನೋಡಿ ಹಾಕಬಾರದು, ಮಳೆ ಸಂಜೆ ನೋಡಿ ಹಾಕಬೇಕು ಎಂದು ನಾನು ವಾದಿಸುತ್ತಲೇ ಇರುತ್ತೇನೆ. ಒಂದೊಂದು ಪೊಸಿಷನ್‌ಗೂ (ಕೆಲಸದ ಕುರ್ಚಿಗೂ) ರೇಟಿಂಗ್, ಅಂದರೆ ಅಲ್ಲಿ ಒಬ್ಬರೇ ಕೂರುವ ಅರ್ಹತೆ, ಸಿಗಲು ತಿಂಗಳುಗಟ್ಟಲೆ ಬೇಕು. ಗುಡುಗು ಬಂದ ಮೇಲೆ ಹುಡುಕಿದರೆ ಯಾರು ಸಿಗುತ್ತಾರೆ? ಈ ಸಲದ ಮೇ ರೋಸ್ಟರ್‌ನಲ್ಲಿ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ನನ್ನ ಪಕ್ಕದ ಕುರ್ಚಿ ಒಂದು ದಿನವೂ ಖಾಲಿ ಇಲ್ಲ.